ನೂರಕ್ಕೆ ತೊಂಬತ್ತು: ಆ ಲೆಕ್ಕ ಬರೆದವನ ಪತ್ರ

ಮಾನ್ಯ ಸಂಪಾದಕರೇ,

ನನ್ನ ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ಭಾನುವಾರ ಫೋನ್ ಮಾಡಿದವನು ಕೇಳಿದ: 'ಕಾಕಾ, ಇಲ್ಲೊಂದು ಚಾರಿಟಿಗೆ ತಿಂಗಳಾ ರೊಕ್ಕ ಕೊಡಾಕತ್ತೀನಿ. ಬ್ಯಾರೆ ದೇಶದ ಬಡವರಿಗೆ ಕಳಸ್ತಾರ. ನೂರಕ್ಕ ತೊಂಬತ್ತು ಕೆಲಸಕ್ಕೇ ಹೋಗತೈತಂತ. ನಂಬಬಹುದೇನು?'

ಅವನು ನನ್ನನ್ನು ಕೇಳಿದ್ದಕ್ಕೆ ಕಾರಣ ಇದೆ. ಕುಷ್ಟಗಿ ಕಡೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಾನು 19 ವರ್ಷ ಲೆಕ್ಕ ಬರೆದವನು. ಹಣ ಬರುತ್ತಿದ್ದದ್ದು ಯುರೋಪಿನ ಒಂದು ಸಂಸ್ಥೆಯಿಂದ, ಅಮೆರಿಕದ ಇನ್ನೊಂದರಿಂದ. 'ನೂರಕ್ಕೆ ಇಷ್ಟು' ಎಂಬ ಲೆಕ್ಕ ಎಲ್ಲಿ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಟೇಬಲ್ ಮೇಲೇ ಹುಟ್ಟುತ್ತಿತ್ತು.

ನಮ್ಮಲ್ಲೊಂದು ಜೀಪ್ ಇತ್ತು. ಬೆಳಿಗ್ಗೆ ಹಳ್ಳಿಗೆ ಹೋದರೆ ಅದರ ಡೀಸೆಲ್ 'ಕಾರ್ಯಕ್ರಮ ವೆಚ್ಚ', ಅಂದರೆ ನೇರ ಕೆಲಸಕ್ಕೆ ಹೋದ ಹಣ. ಮಧ್ಯಾಹ್ನ ಬ್ಯಾಂಕಿಗೆ ಹೋದರೆ 'ಆಡಳಿತ ವೆಚ್ಚ'. ಹಳ್ಳಿಯಿಂದ ಬರುವಾಗ ಹಾಗೇ ಬ್ಯಾಂಕಿಗೂ ಹೋಗಿ ಬಂದರೆ? ಲಾಗ್ ಬುಕ್ಕಿನಲ್ಲಿ ಹಳ್ಳಿಯ ಹೆಸರು ಬರೆದರೆ ಮುಗೀತು. ನಿರ್ದೇಶಕರ ಸಂಬಳ 70 ಭಾಗ ಕಾರ್ಯಕ್ರಮಕ್ಕೆ, 30 ಭಾಗ ಆಡಳಿತಕ್ಕೆ. ಆಫೀಸಿನ ಬಾಡಿಗೆ 60, 40. ಹೀಗೇ ಹಂಚಬೇಕು ಎಂದು ಯಾರು ಹೇಳಿದ್ದು? ಯಾರೂ ಇಲ್ಲ. ಆಡಿಟರ್ ಒಪ್ಪಿದರೆ ಸಾಕಿತ್ತು. ಇದು ಕಳ್ಳತನ ಅಲ್ಲ ನೋಡಿ, ಒಂದು ಪೈಸೆಯೂ ಯಾರ ಜೇಬಿಗೂ ಹೋಗಿಲ್ಲ. ಆದರೆ ನನಗೆ ಬೇಕೆನಿಸಿದ್ದರೆ ಕಾರ್ಯಕ್ರಮದ ಪಾಲು ನೂರಕ್ಕೆ 78 ಇದ್ದದ್ದನ್ನು ಒಂದು ಮಧ್ಯಾಹ್ನದಲ್ಲಿ 88 ಮಾಡಬಹುದಿತ್ತು.

ದೊಡ್ಡವರ ಲೆಕ್ಕವೂ ಹೀಗೇ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಯಿತು. ಅಮೆರಿಕನ್ ರೆಡ್ ಕ್ರಾಸ್‌ಗೆ ಸುಮಾರು 49 ಕೋಟಿ ಡಾಲರ್ ದೇಣಿಗೆ ಬಂತು. ಡಾಲರಿಗೆ 91 ಸೆಂಟ್ ಹೈಟಿಗೇ ಎಂದು ಸಂಸ್ಥೆ ಹೇಳಿಕೊಂಡಿತು. 2015ರಲ್ಲಿ ಅಮೆರಿಕದ ಸುದ್ದಿಸಂಸ್ಥೆಗಳಾದ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಪತ್ರಕರ್ತರು ಹೋಗಿ ನೋಡಿದರು. 1,30,000 ಜನರಿಗೆ ಮನೆ ಒದಗಿಸಿದ್ದೇವೆ ಎಂದಿದ್ದ ಸಂಸ್ಥೆ ಕಟ್ಟಿಸಿದ ಕಾಯಂ ಮನೆಗಳು ಆರು. ಆರು ಸಾವಿರ ಅಲ್ಲ, ಆರೇ ಆರು. ರಿಪೇರಿ ಮಾಡಿಸಿದ ಮನೆ, ತಾತ್ಕಾಲಿಕ ಸೂರು, ಬಾಡಿಗೆಗೆ ಕೊಟ್ಟ ನೆರವು ಎಲ್ಲ ಸೇರಿಸಿ ಹೇಳಿದ್ದು ಎಂಬುದು ಸಂಸ್ಥೆಯ ಸಮಜಾಯಿಷಿ. ಅಲ್ಲಿ ಜಾಗದ ಹಕ್ಕುಪತ್ರದ ತೊಡಕೂ ಇತ್ತು, ಅದು ಸುಳ್ಳಲ್ಲ.

ನನಗೆ ಕುತೂಹಲ ಇದ್ದದ್ದು ಆ 91ರ ಮೇಲೆ. ರೆಡ್ ಕ್ರಾಸ್ ತನ್ನ ಪಾಲು ಮುರಿದುಕೊಂಡು ಉಳಿದ ಹಣದ ದೊಡ್ಡ ಭಾಗವನ್ನು ಬೇರೆ ಸಂಸ್ಥೆಗಳಿಗೆ ಕೊಟ್ಟಿತು. ಆ ಸಂಸ್ಥೆಗಳೂ ತಮ್ಮ ಆಡಳಿತ ವೆಚ್ಚ ಮುರಿದುಕೊಂಡವು. ಮೊದಲನೆಯವರ ಪುಸ್ತಕದಲ್ಲಿ ಮಾತ್ರ ಅದೆಲ್ಲ ಪೂರ್ತಿ 'ಕಾರ್ಯಕ್ರಮ'! 2016ರಲ್ಲಿ ಅಮೆರಿಕದ ಸೆನೆಟರ್ ಚಕ್ ಗ್ರಾಸ್ಲಿ ತನಿಖೆ ಮಾಡಿಸಿದಾಗ, ಒಟ್ಟು ಹಣದ ಸುಮಾರು ಕಾಲು ಭಾಗ ಸಂಸ್ಥೆಯ ಒಳಗಿನ ಖರ್ಚಿಗೇ ಹೋಗಿದೆ ಎಂಬ ವರದಿ ಬಂತು. ಒಂದೇ ಹಣ, ಒಬ್ಬರ ಲೆಕ್ಕದಲ್ಲಿ 91, ಇನ್ನೊಬ್ಬರ ಲೆಕ್ಕದಲ್ಲಿ 75.

ಹಾಗಾದರೆ ಆಡಳಿತ ವೆಚ್ಚ ಕಡಿಮೆ ಮಾಡಿಸಿ ಅನ್ನುತ್ತೀರಾ? ಅದನ್ನು ನಮ್ಮ ಸರ್ಕಾರ ಮಾಡಿದೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಆದರೆ ಆಡಳಿತ ವೆಚ್ಚ ಅಂದರೆ ಯಾರು? ನಾನು. ವೋಚರಿಗೆ ರೆವಿನ್ಯೂ ಸ್ಟಾಂಪ್ ಹಚ್ಚಿದೆಯಾ, ಹೆಬ್ಬೆಟ್ಟು ಯಾರದು, ಪಟ್ಟಿಯಲ್ಲಿ ಸತ್ತವರ ಹೆಸರು ಇದೆಯಾ ಎಂದು ನೋಡುವವನ ಸಂಬಳವೇ ಮೊದಲು ಕಣ್ಣಿಗೆ ಬೀಳುವ ದಂಡ ಖರ್ಚು. ಲೆಕ್ಕ ನೋಡುವವನನ್ನು ತೆಗೆದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ ಅಲ್ವಾ! (ಹಣ ಕೊಡುವ ಹೊರಗಿನವರ ಕಟ್ಟುನಿಟ್ಟಿನ ಬಗ್ಗೆಯೂ ಒಂದು ಮಾತು. ಬಡವರಿಗೆ ಮೇಕೆ ಕೊಡಿಸಲು ಅಮೀನಗಡದ ಸಂತೆಗೆ ಹೊರಟಾಗ, ಮೂರು ಜನರಿಂದ ಲೆಟರ್‌ಹೆಡ್ ಮೇಲೆ ಕೊಟೇಶನ್ ತರಲು ಹೇಳಿದ್ದರು. ಮೇಕೆ ಮಾರುವವನ ಹತ್ತಿರ ಲೆಟರ್‌ಹೆಡ್!)

ಒಂದು ವಿಷಯ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆ ಸುರಿದು ನೆರೆ ಬಂತಲ್ಲ, ಆಗ ತಾಡಪತ್ರಿಗೆಂದು ಹಣ ಕೇಳಿದ್ದೆವು. ಮಂಜೂರಾಗಿ ಕೈಗೆ ಬಂದಾಗ ಡಿಸೆಂಬರ್. ಮಳೆ ನಿಂತು ಎರಡು ತಿಂಗಳಾಗಿತ್ತು. ಜನ ಬಂದು ಕೇಳಿದ್ದು ದನಕ್ಕೆ ಕಣಕಿ. ಮೇವಿನ ಬಣವೆಗಳೆಲ್ಲ ಕೊಚ್ಚಿಹೋಗಿದ್ದವು. 'ಬಜೆಟ್ ಬದಲಿಸಬಹುದಾ' ಎಂದು ಹಣ ಕೊಟ್ಟವರಿಗೆ ಬರೆದೆವು. ಉತ್ತರ ಬರುವ ಹೊತ್ತಿಗೆ ಅವರ ಲೆಕ್ಕದ ವರ್ಷ ಮುಗಿಯುತ್ತಿತ್ತು, ಹಣ ಉಳಿಸಿದರೆ ವಾಪಸ್ ಹೋಗುತ್ತಿತ್ತು. ತಾಡಪತ್ರಿಯನ್ನೇ ಕೊಂಡೆವು. ಸುಗ್ಗಿಯಲ್ಲಿ ಅದರ ಮೇಲೆ ಜೋಳ ಒಣಗುವುದನ್ನು ನೋಡಿದೆ. ದನ ಮಾರಿದವರನ್ನೂ ನೋಡಿದೆ. ನನ್ನ ವರದಿಯಲ್ಲಿ ಅದು ನೂರಕ್ಕೆ ನೂರು ಕಾರ್ಯಕ್ರಮ ವೆಚ್ಚ. ನಾನು ಬರೆದ ಅತ್ಯುತ್ತಮ ಶೇಕಡಾವಾರು ಅದೇ.

2004ರ ಸುನಾಮಿ ಆದಾಗ ಗಡಿಗಳಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್ ಕೆಲವೇ ದಿನಗಳಲ್ಲಿ 'ಸಾಕು, ಸುನಾಮಿಗೆ ಇನ್ನು ಹಣ ಬೇಡ' ಎಂದಿತು. ಕೊಟ್ಟವರಿಗೆ ಪತ್ರ ಬರೆದು, ಉಳಿದದ್ದನ್ನು ಬೇರೆ ಕಡೆ ಬಳಸಲಾ ಎಂದು ಕೇಳಿತು. ಕಣ್ಣೀರು, ಫೋಟೊ, ಹಣ ಎಲ್ಲ ಹರಿದುಬರುವ ಹೊತ್ತಿನಲ್ಲಿ ಹಾಗೆ ಹೇಳಲು ಧೈರ್ಯ ಬೇಕು. ಬೇರೆ ಕೆಲವು ಸಂಸ್ಥೆಗಳಿಗೆ ಆಗ ಸಿಟ್ಟೂ ಬಂದಿತ್ತು. ನನಗೆ ಆ ಒಂದು ಪತ್ರದ ಮೇಲೆ ಇರುವ ನಂಬಿಕೆ 91 ಸೆಂಟಿನ ಮೇಲಿಲ್ಲ.

ಹುಡುಗನಿಗೆ ಹೇಳಿದ್ದು ಇಷ್ಟು. ಸುಮ್ನೆ ಆ ಶೇಕಡಾ ನೋಡಬೇಡ. ನಿಮ್ಮಲ್ಲಿ ಫಾರ್ಮ್ 990 ಅಂತ ಇದೆ, ಚಾರಿಟಿಗಳು ವರ್ಷಾ ವರ್ಷ ತೆರಿಗೆ ಇಲಾಖೆಗೆ ಕೊಡುವ ಲೆಕ್ಕ, ಯಾರು ಬೇಕಾದರೂ ಓದಬಹುದು. ಅದರ ಒಂಬತ್ತನೇ ಭಾಗದ ಮೂರನೇ ಸಾಲಿನಲ್ಲಿ ಹೊರದೇಶದವರಿಗೆ ದಾಟಿಸಿದ ಹಣ ಇರುತ್ತದೆ. ಅದು ಜಾಸ್ತಿ ಇದ್ದರೆ ಯಾರಿಗೆ ಎಂದು ಕೇಳು. ಫಾರ್ಮಿನಲ್ಲಿ ಆ ಹೆಸರು ಸಿಗುವುದಿಲ್ಲ, ಪ್ರದೇಶ ಮಾತ್ರ. ನಮ್ಮ ಕುಷ್ಟಗಿ ಅಲ್ಲಿ ಬರೀ 'ದಕ್ಷಿಣ ಏಷ್ಯಾ'. ನಮ್ಮ ದೇಶದಲ್ಲಿ ಹಣ ಪಡೆದ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಜಾಲತಾಣದಲ್ಲಿ ವಿದೇಶಿ ದೇಣಿಗೆಯ ವಿವರ ಹಾಕಬೇಕಿತ್ತು. 2022ರ ಜುಲೈನಲ್ಲಿ ಆ ನಿಯಮವನ್ನೂ ತೆಗೆದರು. ಆಡಳಿತ ವೆಚ್ಚಕ್ಕೆ ಕಡಿವಾಣ ಹಾಕಿದ ಸರ್ಕಾರವೇ ಸಾರ್ವಜನಿಕರು ನೋಡುವ ಕಿಟಕಿಯನ್ನು ಮುಚ್ಚಿದ್ದು ಯಾಕೋ.

ಹುಡುಗ ಫಾರ್ಮ್ ಓದಿದ. ಅರ್ಧಕ್ಕಿಂತ ಜಾಸ್ತಿ ಆ ಮೂರನೇ ಸಾಲಿನಲ್ಲೇ ಇದೆಯಂತೆ. ಹಣ ಯಾವ ಸಂಸ್ಥೆಗೆ ಹೋಯಿತು, ಅವರು ಎಷ್ಟು ಮುರಿದುಕೊಂಡರು, ಉಳಿದದ್ದರಲ್ಲಿ ಏನು ಆಯಿತು ಎಂದು ಮೇಲ್ ಬರೆದಿದ್ದಾನೆ. ಉತ್ತರ ಬಂದರೆ ನನಗೂ ಕಳಿಸು ಎಂದಿದ್ದೇನೆ. ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದುತ್ತೇನೆ, ಹಳೇ ಚಾಳಿ.

ಇತಿ,
ಒಬ್ಬ ನಿವೃತ್ತ ಲೆಕ್ಕಿಗ
ಕುಷ್ಟಗಿ, ಕೊಪ್ಪಳ ಜಿಲ್ಲೆ