‘ನಿಮ್ಮ ಸಂದೇಶವೇನು?’ ಎಂದು ಕೇಳುವುದನ್ನು ಬಿಡೋಣ

ಮಾನ್ಯ ಸಂಪಾದಕರೇ,

ಸನ್ಮಾನದ ವರದಿ, ಸ್ಮರಣ ಸಂಚಿಕೆ, ಹಿರಿಯರ ಸಂದರ್ಶನ, ಯಾವುದನ್ನು ಓದಿದರೂ ಕೊನೆಯ ಪ್ರಶ್ನೆ ಒಂದೇ: ‘ಇಂದಿನ ಯುವಜನರಿಗೆ ನಿಮ್ಮ ಸಂದೇಶವೇನು?’ ಉತ್ತರವೂ ಹೆಚ್ಚುಕಡಿಮೆ ಒಂದೇ. ಪ್ರಾಮಾಣಿಕವಾಗಿ ದುಡಿಯಿರಿ, ಹಿರಿಯರನ್ನು ಗೌರವಿಸಿ, ಸಂಸ್ಕೃತಿ ಉಳಿಸಿ. ಎಂಬತ್ತು ವರ್ಷ ಬದುಕಿದವರ ಬಾಯಿಂದ ಇಷ್ಟೇ ಬಂತೆಂದರೆ ತಪ್ಪು ಅವರದ್ದಲ್ಲ, ಪ್ರಶ್ನೆಯದ್ದು. ಯಾರ ಮೌಲ್ಯವೂ ಗಾದೆಯ ರೂಪದಲ್ಲಿ ತಲೆಯೊಳಗೆ ಕುಳಿತಿರುವುದಿಲ್ಲ. ಒಂದು ದಿನ ಮಾಡಿದ ಒಂದು ಕೆಲಸದಲ್ಲಿ, ಮಾಡದೆ ಬಿಟ್ಟ ಇನ್ನೊಂದರಲ್ಲಿ ಅದು ಇರುತ್ತದೆ. ಆ ದಿನವನ್ನು ಕೇಳಬೇಕು.

ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಇದಕ್ಕೆ ಹೆಚ್ಚು ಸಮಯ ಉಳಿದಿಲ್ಲ. 1956ರ ನವೆಂಬರ್ 1ರಂದು ಈ ನಾಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಾಗ ಹತ್ತು ವರ್ಷವಾಗಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಅವರ ಮೊಮ್ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಕರಾಡವೋ ಮಾತಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಇಲ್ಲವೇ ಮಲಯಾಳ ಓದುತ್ತಾರೆ. ಅಜ್ಜ ಬರೆದಿಟ್ಟ ಕನ್ನಡ ಕಾಗದ ಅವರಿಗೆ ಓದಲು ಬರುವುದಿಲ್ಲ, ಅಜ್ಜನ ಧ್ವನಿ ಮಾತ್ರ ಅರ್ಥವಾಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಆಗಬೇಕಾದದ್ದು ಧ್ವನಿಯ ದಾಖಲೆ, ಬರಹ ಆಮೇಲೆ. ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ, ಕೈಯಲ್ಲಿ ಮೊಬೈಲೂ ಇರುತ್ತದೆ. ಹೇಗೆ ಕೇಳಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಪತ್ರ ಅದಕ್ಕಾಗಿ.

‘ನಿಮ್ಮ ಬಾಲ್ಯ ಹೇಗಿತ್ತು?’ ಎಂದರೆ ‘ಕಷ್ಟ ಮಾರಾಯ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು, ‘ಆಟಿ ತಿಂಗಳಲ್ಲಿ ಅಕ್ಕಿ ಮುಗಿದರೆ ಮೊದಲು ಯಾರ ಮನೆಗೆ ಹೋಗುತ್ತಿದ್ದಿರಿ?’ ಎಂದು ಕೇಳಿ. ಆಟಿಯೆಂದರೆ ತುಳುವರ ಲೆಕ್ಕದ ಜೋರು ಮಳೆಯ ತಿಂಗಳು. ಉತ್ತರ ಬಂದ ಮೇಲೆ, ‘ಎಷ್ಟೇ ಹಸಿವಾದರೂ ಯಾರ ಮನೆಗೆ ಹೋಗುತ್ತಿರಲಿಲ್ಲ?’ ಎಂದು ಕೇಳಿ. ಮೊದಲನೆಯದು ಹಲಸಿನ ಬೀಜ, ಉಪ್ಪುಸೊಳೆ, ಕೆಸುವಿನ ಎಲೆಯ ಕಡೆಗೆ ಒಯ್ಯುತ್ತದೆ. ಎರಡನೆಯದು ನೇರ ಸ್ವಾಭಿಮಾನಕ್ಕೆ ಮುಟ್ಟುತ್ತದೆ, ‘ಸ್ವಾಭಿಮಾನ’ ಎಂಬ ಶಬ್ದ ಯಾರ ಬಾಯಿಂದಲೂ ಬರದೆ. ‘ಮೊದಲು ಸಿಕ್ಕಿದ ಕೂಲಿ ಎಷ್ಟು? ಅದನ್ನು ಯಾರ ಕೈಗೆ ಕೊಟ್ಟಿರಿ? ಅವರು ಏನು ಮಾಡಿದರು?’ ಎಂಬ ಮೂರು ಸಣ್ಣ ಪ್ರಶ್ನೆಗಳೂ ಹೀಗೆಯೇ. ಆದರೆ ಮೂರನ್ನೂ ಒಂದೇ ಉಸಿರಿಗೆ ಕೇಳಬಾರದು. ಹಾಗೆ ಕೇಳಿದರೆ ಕೊನೆಯದಕ್ಕೆ ಮಾತ್ರ ಉತ್ತರ ಬರುತ್ತದೆ.

ಮೌಲ್ಯ ಕಾಣುವುದು ಅದಕ್ಕೆ ಬೆಲೆ ತೆತ್ತಲ್ಲಿ. ಲಾಭವಿದ್ದರೂ ಮಾಡದೆ ಬಿಟ್ಟ ಕೆಲಸ ಯಾವುದು? ಕೊಟ್ಟದ್ದನ್ನು ಮರಳಿ ಕೇಳದೆ ಬಿಟ್ಟದ್ದು ಯಾರ ಹತ್ತಿರ? ಮನೆಯವರೆಲ್ಲ ಬೇಡವೆಂದರೂ ಯಾವ ಮಾತಿಗೆ ನಿಂತಿರಿ? ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಸುರಂಗ ತೋಡಿದ ಮನೆಯಾದರೆ ‘ನೀರು ಕಾಣದೆ ಎಷ್ಟು ಕೋಲು ಹೋದಿರಿ, ನಿಲ್ಲಿಸೋಣ ಎಂದದ್ದು ಯಾರು, ಇನ್ನೂ ತೋಡೋಣ ಎಂದದ್ದು ಯಾರು?’ ಗುಡ್ಡದ ಕತ್ತಲೆಯೊಳಗೆ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣು ಕಡಿದವರ ಛಲ, ಭಯ, ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ ಎಲ್ಲವೂ ಆ ಒಂದೇ ಪ್ರಶ್ನೆಗೆ ಹೊರಬರುತ್ತದೆ.

‘ಯಾಕೆ’ ಎಂಬ ಶಬ್ದವನ್ನು ಆದಷ್ಟು ಕಡಿಮೆ ಬಳಸಿ. ‘ಯಾಕೆ ಶಾಲೆ ಬಿಟ್ಟಿರಿ?’ ಎಂದರೆ ತಪ್ಪು ಮಾಡಿದವರನ್ನು ವಿಚಾರಿಸಿದ ಹಾಗೆ ಕೇಳಿಸುತ್ತದೆ, ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಶಾಲೆಗೆ ಹೋದ ಕೊನೆಯ ದಿನ ಏನಾಯಿತು?’ ಎಂದರೆ ಕಾರಣ ತಾನಾಗಿ ಬರುತ್ತದೆ. ‘ನೆನಪುಂಟಾ?’ ಎಂಬುದೂ ಬೇಡ, ಅದು ಪರೀಕ್ಷೆ. ಮರೆವು ಶುರುವಾದವರಿಗಂತೂ ಅದರಿಂದ ನೋವೇ ಆಗುತ್ತದೆ. ಅಂಥವರ ಕೈಗೆ ಒಂದು ವಸ್ತು ಕೊಡಿ. ಅಕ್ಕಿ ಅಳೆಯುವ ಸೇರು, ಅಡಕತ್ತರಿ, ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆ, ಮದುವೆಯ ಫೋಟೋ. ಕೈ ನೆನಪಿಸಿಕೊಂಡದ್ದನ್ನು ಬಾಯಿ ಹೇಳುತ್ತದೆ.

ಇಸವಿ ಕೇಳಿ ಪ್ರಯೋಜನವಿಲ್ಲ. ಯಾವುದರ ಮೊದಲು, ಯಾವುದರ ನಂತರ ಎಂದು ಕೇಳಬೇಕು. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಕೇರಳದ ಭೂಸುಧಾರಣೆ ಕಾಯಿದೆಯ ಪ್ರಕಾರ ಗೇಣಿ ಪದ್ಧತಿ ನಿಂತದ್ದು 1970ರ ಜನವರಿ 1ಕ್ಕೆ. ತುರ್ತು ಪರಿಸ್ಥಿತಿ 1975ರಿಂದ 1977ರ ವರೆಗೆ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24. ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಆ ಮನೆಯ ಮದುವೆ, ಹೆರಿಗೆ, ಸಾವು, ಬಾವಿ ತೋಡಿದ್ದು, ಹಂಚು ಹೊದೆಸಿದ್ದು ಇಂಥವನ್ನು ಸೇರಿಸಿಕೊಳ್ಳಿ. ‘ಆಣೆ ಹೋಗಿ ಪೈಸೆ ಬಂದ ಮೇಲೋ?’ ಎಂದರೆ ತಟ್ಟನೆ ಉತ್ತರ ಬರುತ್ತದೆ. ಅಳತೆಯನ್ನೂ ಹಣವನ್ನೂ ಅವರು ಹೇಳಿದ ಹಾಗೆಯೇ ಬರೆಯಿರಿ. ನಾಲ್ಕಾಣೆಯನ್ನು ಇಪ್ಪತ್ತೈದು ಪೈಸೆ ಮಾಡಬೇಡಿ, ಅಕ್ಕಿಯ ಮುಡಿಯನ್ನು ಕಿಲೋ ಮಾಡಬೇಡಿ. ಮುಡಿಗೆ ಮೂರು ಕಳಸಿಗೆ, ಕಳಸಿಗೆಗೆ ಹದಿನಾಲ್ಕು ಸೇರು, ಒಟ್ಟು 42 ಸೇರು ಎಂಬುದು ರೂಢಿಯ ಲೆಕ್ಕ. ಆದರೂ ‘ನಿಮ್ಮಲ್ಲಿ ಎಷ್ಟು ಸೇರು?’ ಎಂದು ಕೇಳಿಯೇ ಬಿಡಿ. ಅಳೆಯುವವರ ಕೈಚಳಕದ ಮಾತು, ನ್ಯಾಯ ಅನ್ಯಾಯದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ದೊಡ್ಡ ಘಟನೆಗಳನ್ನು ಕೇಳುವಾಗ ಇನ್ನೂ ಎಚ್ಚರ ಬೇಕು. ‘ಕೇರಳಕ್ಕೆ ಸೇರಿದಾಗ ನಿಮಗೆ ಏನನ್ನಿಸಿತು?’ ಎಂದರೆ ಸಭೆಯಲ್ಲಿ ಕೇಳಿದ ಭಾಷಣವೇ ಮರಳಿ ಬರುತ್ತದೆ. ‘ಕಚೇರಿಯಿಂದ ಮಲಯಾಳದಲ್ಲಿ ಬಂದ ಮೊದಲ ಕಾಗದವನ್ನು ಯಾರ ಹತ್ತಿರ ಓದಿಸಿದಿರಿ?’ ಎಂದು ಕೇಳಿದರೆ ಒಬ್ಬ ನೆರೆಯವರ ಹೆಸರು ಬರುತ್ತದೆ, ಆ ಋಣದ ಮಾತು ಬರುತ್ತದೆ. 1970ರ ವಿಚಾರವೂ ಹಾಗೆಯೇ. ‘ಕೊನೆಯ ಸಲ ಗೇಣಿ ಅಳೆದದ್ದು ಯಾವಾಗ, ಎಷ್ಟು ಮುಡಿ? ಆಮೇಲೆ ಆ ಎರಡು ಮನೆಯವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿದ್ದರೇ?’ ಈ ಪ್ರಶ್ನೆಯನ್ನು ಒಡೆಯರ ಮನೆಯಲ್ಲಿಯೂ ಕೇಳಬೇಕು, ಒಕ್ಕಲ ಮನೆಯಲ್ಲಿಯೂ ಕೇಳಬೇಕು. ಒಂದೇ ಕಡೆ ಕೇಳಿದರೆ ಅರ್ಧ ಸತ್ಯವನ್ನು ಮನೆತನದ ಚರಿತ್ರೆ ಎಂದು ಕಟ್ಟಿಡುತ್ತೇವೆ. ಒಡೆಯರ ಮನೆಯ ಮೊಮ್ಮಗನೇ ಒಕ್ಕಲ ಮನೆಯ ಅಜ್ಜಿಯನ್ನು ಕೇಳಲು ಹೋದರೆ ಆಕೆ ಇಂದಿಗೂ ತೂಕ ಮಾಡಿಯೇ ಮಾತಾಡುತ್ತಾರೆ. ಅಲ್ಲಿ ಕೇಳುವುದು ಆಕೆಯ ಮೊಮ್ಮಗಳ ಕೆಲಸ.

ಕೇಳಬಾರದ ಕಡೆಯೂ ಉಂಟು. ತೋಟಗಾರಿಕಾ ನಿಗಮದ ಗೇರುತೋಟಗಳಿಗೆ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಹಾಸಿಗೆ ಹಿಡಿದ ಮಗುವನ್ನು ಸಾಕುತ್ತಿರುವ ತಾಯಿಯ ಹತ್ತಿರ ‘ಇದರಿಂದ ಬದುಕಿನಲ್ಲಿ ಏನು ಕಲಿತಿರಿ?’ ಎಂದು ಕೇಳುವುದು ಕ್ರೌರ್ಯ. ಆ ತಾಯಿ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಅಲ್ಲಿ ಕೇಳಬಹುದಾದದ್ದು ಒಂದೇ: ‘ಇವತ್ತು ನಾವು ಏನು ಮಾಡಿದರೆ ನಿಮಗೆ ಒಂದು ಗಂಟೆ ಬಿಡುವು ಸಿಗುತ್ತದೆ?’

ಹೆಂಗಸರನ್ನು ಕೇಳಿದರೆ ಮೊದಲ ಉತ್ತರ ‘ನನಗೇನು ಗೊತ್ತು, ಅವರ ಹತ್ತಿರ ಕೇಳಿ’ ಎಂದೇ. ಅಲ್ಲಿಗೆ ಏಳಬೇಡಿ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅವರು ಮಾತಾಡುವುದಿಲ್ಲ. ಅಡಿಕೆ ಸುಲಿಯುವಾಗ, ಬೀಡಿ ಕಟ್ಟುವಾಗ, ಹಲಸಿನ ಸೊಳೆ ಬಿಡಿಸುವಾಗ, ಹಪ್ಪಳ ಒತ್ತುವಾಗ ಪಕ್ಕದಲ್ಲಿ ಕುಳಿತು ನೀವೂ ಕೈ ಹಾಕಿ. ಕಣ್ಣು ಕೆಲಸದ ಮೇಲಿದ್ದಾಗ ಹೇಳಲಾಗದ ಮಾತು ಹೊರಬರುತ್ತದೆ. ಬೀಡಿ ಕಟ್ಟಿದವರನ್ನು ಕೇಳಬೇಕಾದದ್ದು ಸಾವಿರಕ್ಕೆ ಎಷ್ಟು ಸಿಗುತ್ತಿತ್ತು ಎಂದಷ್ಟೇ ಅಲ್ಲ, ಆ ದುಡ್ಡು ಯಾರ ಕೈಯಲ್ಲಿ ಇರುತ್ತಿತ್ತು, ತನಗೆಂದು ಮೊದಲು ಕೊಂಡದ್ದು ಏನು ಎಂದೂ ಕೇಳಬೇಕು.

ಕೂರುವ ಕ್ರಮವನ್ನು ಬೇಗ ಹೇಳಿಬಿಡುತ್ತೇವೆ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು, ಊಟದ ಮೇಲೆ ಬೇಡ. ಒಂದು ಸಲಕ್ಕೆ ಮುಕ್ಕಾಲು ಗಂಟೆ, ಎಂಬತ್ತು ದಾಟಿದವರಿಗೆ ಅರ್ಧ ಗಂಟೆ ಸಾಕು. ಚೆನ್ನಾಗಿ ಕೇಳಿಸುವ ಕಿವಿಯ ಕಡೆ ಕೂರಿ. ನಿಮ್ಮ ಮುಖದ ಮೇಲೆ ಬೆಳಕಿರಲಿ, ತುಟಿ ನೋಡಿ ಅರ್ಥ ಮಾಡಿಕೊಳ್ಳುವವರು ಬಹಳ. ಮೂರನೆಯವರು ಹತ್ತಿರ ಇರಬಾರದು. ‘ಹಾಗಲ್ಲ ಅಪ್ಪಾ, ಅದು ಬೇರೆ ವರ್ಷ’ ಎಂದು ಮಗ ಒಮ್ಮೆ ತಿದ್ದಿದರೆ ಅಪ್ಪನ ಮಾತು ಆ ದಿನಕ್ಕೆ ಮುಗಿಯಿತು. ಎಲ್ಲಕ್ಕಿಂತ ಮುಖ್ಯ, ಉತ್ತರ ನಿಂತಾಗ ಮುಂದಿನ ಪ್ರಶ್ನೆಗೆ ಓಡಬೇಡಿ. ಮನಸ್ಸಿನಲ್ಲಿ ಹತ್ತರ ವರೆಗೆ ಎಣಿಸಿ. ಆ ಮೌನದ ಆಚೆಗೇ ಬಹುಪಾಲು ಒಳ್ಳೆಯ ಮಾತು ಇರುತ್ತದೆ. ಎರಡನೆಯ ಭೇಟಿ ಮೂರು ನಾಲ್ಕು ದಿನ ಬಿಟ್ಟು ಇಟ್ಟುಕೊಳ್ಳಿ. ‘ಮೊನ್ನೆಯ ನಂತರ ಏನಾದರೂ ತಲೆಗೆ ಬಂತೇ?’ ಎಂದು ಶುರುಮಾಡಿ. ಈ ನಡುವಿನ ರಾತ್ರಿಗಳಲ್ಲಿ ಅವರು ತಮ್ಮನ್ನೇ ಕೇಳಿಕೊಂಡಿರುತ್ತಾರೆ.

ಅದೇ ಕತೆ ಮೂರನೆಯ ಸಲ ಬಂದರೆ ಬೇಸರಿಸಬೇಡಿ. ಮುಪ್ಪಿನಲ್ಲಿ ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಬುದ್ಧಿ ಕುಂದಿದ ಲಕ್ಷಣವಲ್ಲ, ಬದುಕನ್ನು ಮರಳಿ ತೂಗಿ ನೋಡುವ ಸಹಜ ಕೆಲಸ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಮರಳಿ ಬರುವ ಕತೆಯಲ್ಲಿ ತೀರದ ಲೆಕ್ಕ ಒಂದು ಇರುತ್ತದೆ. ಕತೆಯ ಅಂಚಿನಲ್ಲಿ ನಿಂತವರನ್ನು ಕುರಿತು ಕೇಳಿ: ‘ಆಗ ನಿಮ್ಮ ತಂಗಿ ಎಲ್ಲಿದ್ದರು?’ ಕತೆ ಅಲ್ಲಿಂದ ಹೊಸ ದಾರಿ ಹಿಡಿಯುತ್ತದೆ.

ಧ್ವನಿ ಹಿಡಿಯುವಾಗ ಆಗುವ ತಪ್ಪುಗಳು ಬಹುತೇಕ ಒಂದೇ ಬಗೆಯವು. ಮೊಬೈಲನ್ನು ಬರಿಯ ಮೇಜಿನ ಮೇಲೆ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಮಡಿಸಿದ ಬೈರಾಸಿನ (ಟವೆಲಿನ) ಮೇಲೆ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಇಡಿ. ಫ್ಯಾನ್ ನಿಲ್ಲಿಸಿ, ಏರೋಪ್ಲೇನ್ ಮೋಡ್ ಹಾಕಿ. ಜೂನ್ ನಂತರ ತಗಡಿನ ಮಾಡಿನ ಮನೆಯಲ್ಲಿ ಮಳೆ ಶುರುವಾದರೆ ನಿಲ್ಲಿಸುವುದೇ ಒಳ್ಳೆಯದು. ಮೊದಲು ಹತ್ತು ಸೆಕೆಂಡು ಹಿಡಿದು, ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಆರಂಭದಲ್ಲಿ ತಾರೀಕು, ಊರು, ಮಾತಾಡುವವರು ಯಾರು, ಕೇಳುವವರು ಯಾರು ಎಂದು ನಿಮ್ಮ ಧ್ವನಿಯಲ್ಲೇ ಹೇಳಿ. ಫೈಲಿನ ಹೆಸರು ಕಳೆದುಹೋಗಬಹುದು, ಒಳಗಿನ ಮಾತು ಉಳಿಯುತ್ತದೆ. 128 ಕೆಬಿಪಿಎಸ್ ಗುಣಮಟ್ಟದ ಧ್ವನಿಯಲ್ಲಿ ಗಂಟೆಗೆ 60 ಎಂಬಿಯಷ್ಟೂ ಆಗದು, ಜಾಗದ ಚಿಂತೆ ಬೇಡ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಹಿಡಿದರೆ ಧ್ವನಿ ತೆಳುವಾಗುತ್ತದೆ. ಬೇರೆಯಾಗಿ ರೆಕಾರ್ಡ್ ಮಾಡಿ ಡಾಕ್ಯುಮೆಂಟ್ ಆಗಿ ಕಳುಹಿಸಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರುವ ಬಂಧುವಿನ ಹತ್ತಿರ. ಪೆನ್‌ಡ್ರೈವ್ ಒಂದನ್ನೇ ನಂಬಿ ಕಳಕೊಂಡ ಮನೆಗಳು ಸಾಕಷ್ಟು.

ಬರಹಕ್ಕೆ ಇಳಿಸುವಾಗ ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ. ಎಲ್ಲವನ್ನೂ ಇಳಿಸಲು ಹೋಗಿ ಅರ್ಧಕ್ಕೆ ಬಿಡುವುದಕ್ಕಿಂತ, ಯಾವ ನಿಮಿಷದಲ್ಲಿ ಯಾವ ವಿಷಯ ಎಂದು ಒಂದು ಪುಟದ ಪಟ್ಟಿ ಮಾಡಿ, ಬೇಕಾದ ಹತ್ತು ನಿಮಿಷವನ್ನು ಮಾತ್ರ ಪೂರ್ತಿ ಬರೆಯಿರಿ. ತುಳು, ಹವ್ಯಕ ಮಾತನ್ನು ಕನ್ನಡ ಅಕ್ಷರದಲ್ಲಿ ಇದ್ದ ಹಾಗೆ ಬರೆಯಿರಿ. ಪುಸ್ತಕದ ಕನ್ನಡಕ್ಕೆ ತಿದ್ದಿದ ಕ್ಷಣ ಅಜ್ಜಿ ಹೋಗಿ ಮೇಷ್ಟರೊಬ್ಬರು ಬಂದು ಕೂರುತ್ತಾರೆ. ಪಾಲುಪಟ್ಟಿಯ ಜಗಳ, ಬೇರೆಯವರ ಮಾನದ ವಿಷಯ ಬಂದರೆ ‘ಇದನ್ನು ಇಡಲೋ ಅಳಿಸಲೋ?’ ಎಂದು ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಮಾಡಿ. ಆ ಒಪ್ಪಿಗೆಯೂ ಧ್ವನಿಯಲ್ಲೇ ಇರಲಿ.

ಕೇಳುವವರು ತಮ್ಮನ್ನೂ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಇದು ಬರೀ ಸಂಗ್ರಹವಾಗುತ್ತದೆ. ತಿಂಗಳ ಸಂಕ್ರಮಣದಂದು ಒಂದು ಪ್ರಶ್ನೆ, ಒಂದು ಪುಟ, ವರ್ಷಕ್ಕೆ ಹನ್ನೆರಡು. ಹಿರಿಯರಿಗೆ ಕೇಳಿದ ಪ್ರಶ್ನೆಗಳೇ ಸಾಕು. ನನಗೆ ಯಾವುದು ಮುಖ್ಯ ಎಂದು ಬರೆಯುವ ಮೊದಲು ಕಳೆದ ತಿಂಗಳ ಖರ್ಚಿನ ಲೆಕ್ಕವನ್ನೂ ಫೋನು ನೋಡಿದ ಗಂಟೆಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಸಂಕ್ರಮಣಕ್ಕೆ ಹಳೆಯ ಪುಟ ತೆರೆಯದೆ ಮತ್ತೆ ಬರೆದು, ಆಮೇಲೆ ಎರಡನ್ನೂ ಎದುರೆದುರು ಇಟ್ಟು ಓದಿ.

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಪತ್ರಿಕೆಯ ನಿಧನ ವಾರ್ತೆಯಲ್ಲಿ ವಯಸ್ಸು, ವೃತ್ತಿ, ಮಕ್ಕಳ ಲೆಕ್ಕ, ‘ಅಪಾರ ಬಂಧು ಮಿತ್ರರನ್ನು ಅಗಲಿದ್ದಾರೆ’ ಎಂಬ ಸಾಲು ಇರುತ್ತದೆ. ಜೀವಂತ ಇರುವವರಿಗಾಗಿ ವಾರಕ್ಕೊಮ್ಮೆ ಗಡಿನಾಡಿನ ಪುಟದಲ್ಲಿ ಅರ್ಧ ಕಾಲಂ ಬಿಡಿ. ಒಂದೇ ಪ್ರಶ್ನೆ, ಒಬ್ಬರದೇ ಉತ್ತರ, ನೂರೈವತ್ತು ಪದ ಮೀರದಂತೆ, ಮನೆಮಾತನ್ನು ತಿದ್ದದೆ. ಮೊದಲ ವಾರಕ್ಕೆ ಪ್ರಶ್ನೆ ಇದಾಗಲಿ: ‘ಆಟಿಯಲ್ಲಿ ಅಕ್ಕಿ ಮುಗಿದಾಗ ನಿಮ್ಮ ಮನೆಗೆ ಕೇಳಲು ಬಂದವರು ಯಾರು, ಅವರಿಗೆ ಎಷ್ಟು ಸೇರು ಅಳೆದಿರಿ?’

– ಹಿರಿಯರ ಮಾತು ದಾಖಲಿಸುವ ಕೆಲಸದಲ್ಲಿರುವ ಓದುಗರು
ಬದಿಯಡ್ಕ, ಕಾಸರಗೋಡು ಜಿಲ್ಲೆ