ಆ ಕೊನೆಯ ಸಾಲಿನ ಬಗ್ಗೆ

ತೀರ್ಥಹಳ್ಳಿ

ಚಿ. ಸೌ. ಸುಮಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಕಾಗದ ಮಂಗಳವಾರ ಬಂತು. ಹೊಸ ಮನೆ, ಅಳಿಯಂದಿರ ಕೆಲಸ, ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ, ಜಾಗ ಮುಗಿದ ಮೇಲೆ ಅಂಚಿಗೆ ತಿರುಗಿಸಿ ನಿನ್ನ ಮಗನ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, "ಇವನೂ ಅಪ್ಪನ ಹಾಗೇ ಆಗ್ತಾನಾ ಅತ್ತೆ?" ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

ನಿಮ್ಮಪ್ಪ, ನನ್ನ ತಮ್ಮ, ಅವನ ಓದಿನ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ. "ವಿದ್ಯೆ ತಲೆಗೆ ಹತ್ತಲಿಲ್ಲ" ಅನ್ನೋದನ್ನು ಕೇಳಿಕೊಂಡೇ ಬೆಳೆದವಳು ನೀನು. ಅವನಿಗೆ ಅಕ್ಷರ ಹೇಳಿಕೊಡೋಕೆ ಕೂತಿದ್ದು ಯಾರು ಅಂತ ಮಾತ್ರ ಯಾರೂ ಹೇಳಿರಲಿಕ್ಕಿಲ್ಲ. ನಾನೇ.

1968 ಇರಬೇಕು. ನನಗೆ 12 ವರ್ಷ, ಅವನಿಗೆ 5 ತುಂಬಿರಲಿಲ್ಲ. ಅಪ್ಪಯ್ಯ ನನ್ನ ಕೈಗೆ ಸ್ಲೇಟು ಕೊಟ್ಟು, ಶಾಲೆಗೆ ಸೇರಿಸುವಷ್ಟರಲ್ಲಿ ಇವನಿಗೆ ಅಕ್ಷರಮಾಲೆ ಬರಬೇಕು ಅಂದರು. ನನಗೋ ಮೇಷ್ಟ್ರಾಗುವ ಹುಮ್ಮಸ್ಸು. ಜಗಲಿಯಲ್ಲಿ ಕೂರಿಸಿಕೊಂಡೆ. ಅ ಆ ಇ ಈ ಅಂತ ಅವನು ಹಾಡಿನ ಹಾಗೆ ಹೇಳಿಬಿಡುತ್ತಿದ್ದ. ನಡುವಿನಿಂದ ಒಂದು ಅಕ್ಷರ ತೋರಿಸಿ ಇದೇನೋ ಅಂದರೆ ಬಾಯಿ ಕಟ್ಟುತ್ತಿತ್ತು. ಮತ್ತೆ ಅ ಇಂದ ಶುರು ಮಾಡಿ, ಬೆರಳು ಮಡಿಚಿಕೊಂಡು ಅಲ್ಲಿಗೆ ಬರಬೇಕು. ವ ಮತ್ತು ಮ ಪಕ್ಕಪಕ್ಕ ಬರೆದರೆ ಎರಡೂ ಒಂದೇ ಅನ್ನುತ್ತಿದ್ದ. ಮ ಅಂದರೆ ಬಾಲ ಬಂದ ವ ತಾನೇ, ಅವನು ಹೇಳಿದ್ದರಲ್ಲಿ ಅಂಥ ತಪ್ಪೇನೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆಗ ಅಡಿಕೋಲಿನಲ್ಲಿ ಬೆರಳ ಗಿಣ್ಣಿಗೆ ಹೊಡೆದೆ. ದಡ್ಡ ಅಂದೆ. ಒಂದು ಸಲ ಅಲ್ಲ. ಒಂದು ದಿನ ಸ್ಲೇಟೇ ಕಾಣಲಿಲ್ಲ. ಮಳೆಗಾಲಕ್ಕೆ ಒಟ್ಟಿದ್ದ ಸೌದೆ ರಾಶಿಯ ಸಂದಿಯಲ್ಲಿ ಎರಡು ಹೋಳಾಗಿ ಸಿಕ್ಕಿತು.

ಅದೇ ಹುಡುಗ ಯಕ್ಷಗಾನದ ಆಟ ನೋಡಿ ಬಂದ ಮರುದಿನ ಹಟ್ಟಿಯಲ್ಲಿ ನಿಂತು ಪ್ರಸಂಗ ಪೂರ್ತಿ ಒಪ್ಪಿಸುತ್ತಿದ್ದ, ಕುಣಿತದ ಸಮೇತ. ಗಂಟೆ ಸದ್ದು ಕೇಳಿ ಬಂದದ್ದು ಯಾವ ದನ ಅಂತ ಹೇಳುತ್ತಿದ್ದ. ಓದು ಬರೋದಕ್ಕೆ ಮೊದಲು ಬೇಕಾಗಿದ್ದು ಅದೇ, ಕಿವಿ ಮತ್ತು ಕಥೆ. ಅದು ಅವನ ಹತ್ತಿರ ಬೇಕಾದಷ್ಟಿತ್ತು. ನನಗೆ ಗೊತ್ತಾಗಲಿಲ್ಲ.

ಗೊತ್ತಾಗುವ ಹೊತ್ತಿಗೆ ನನಗೆ ಐವತ್ತು ದಾಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ನಲಿಕಲಿ ಅನ್ನೋ ಕಲಿಸುವ ಪದ್ಧತಿ ಆಮೇಲೆ ನಾನು ಪಾಠ ಮಾಡುತ್ತಿದ್ದ ಶಾಲೆಗೂ ಬಂತು. ತರಬೇತಿಯಲ್ಲಿ ಮೊದಲ ಕಾರ್ಡು ಹಿಡಿದು ನೋಡುತ್ತೇನೆ, ಅ ಆ ಇ ಈ ಇಲ್ಲವೇ ಇಲ್ಲ. ರ ಗ ಸ ದ ಅ. ಅಷ್ಟು ಐದರಲ್ಲೇ ಸರ, ರಸ, ಗರ, ಅರಸ, ಅಗಸ. ಮಗು ಮೊದಲ ವಾರವೇ ಒಂದು ಪದ ಓದಿ ನಗಬಹುದು. ಪಕ್ಕದ ಟೀಚರು ಯಾಕೆ ಕಣ್ಣು ಒರೆಸಿಕೊಳ್ಳುತ್ತೀರಿ ಅಂದರು. ಸೀಮೆಸುಣ್ಣದ ಧೂಳು ಅಂದೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಅಪ್ಪನ ಹಾಗೆ ಆಗ್ತಾನಾ? ಇಲ್ಲ ಅಂತ ಬರೆದುಬಿಡೋಣ ಅಂತ ಪೆನ್ನು ಹಿಡಿದೆ, ಆಗಲಿಲ್ಲ. ಓದಿನ ತೊಡಕು ಕೆಲವು ಮನೆತನಗಳಲ್ಲಿ ಹರಿದು ಬರುವುದು ಹೌದು. ಅದಕ್ಕೆ ಹೇಳುವ ಡಿಸ್ಲೆಕ್ಸಿಯಾ ಅನ್ನೋ ಮಾತನ್ನು ನಾನು ಕೇಳಿದ್ದೇ ನಿವೃತ್ತಿಗೆ ನಾಲ್ಕು ವರ್ಷ ಇರುವಾಗ. ನಿಮ್ಮಪ್ಪನಿಗೆ ಇದ್ದದ್ದು ಅದೋ, ಅಥವಾ ನನ್ನ ಅಡಿಕೋಲೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆದರೆ ನಾಲ್ಕೂವರೆ ವರ್ಷದ ಮಗುವನ್ನು ನೋಡಿ ಅದನ್ನು ಹೇಳೋಕೆ ಯಾರಿಗೂ ಆಗಲ್ಲ. ಬ ತಿರುಗಾಮುರುಗಾ ಬರೆಯುತ್ತಾನೆ ಅಂದೆಯಲ್ಲ, ಆರೇಳು ವರ್ಷದ ತನಕ ಎಷ್ಟೋ ಮಕ್ಕಳು ಹಾಗೇ ಬರೆಯುತ್ತಾರೆ. ಎದುರು ಮನೆ ಹುಡುಗಿ ಎಬಿಸಿಡಿ ಪಟಪಟ ಹೇಳುತ್ತಾಳೆ ಅಂತ ಹೊಟ್ಟೆ ಉರಿಸಿಕೊಳ್ಳಬೇಡ. ಅವು 26. ನಮ್ಮವು 49, ಆಮೇಲೆ ಕಾಗುಣಿತ, ಒತ್ತಕ್ಷರ. ಅವೆಲ್ಲ ಪೂರ್ತಿ ಕೈಗೆ ಹತ್ತೋಕೆ ನಮ್ಮ ಮಕ್ಕಳಿಗೆ ನಾಲ್ಕನೇ ಐದನೇ ತರಗತಿಯೇ ಬೇಕಾಗುತ್ತದೆ. ನಾನು 30 ವರ್ಷ ನೋಡಿದ್ದೇನೆ.

ಏನು ಮಾಡಲಿ ಅಂತ ಕೇಳಿದ್ದೀಯ. ಹೇಳೋಕೆ ನನಗೆ ಯಾವ ಮುಖ ಇದೆ, ಆದರೂ ಹೇಳುತ್ತೇನೆ. ಬರೆಸಬೇಡ, ಈಗಲೇ ಬೇಡ. ಬೆರಳಿಗೆ ಇನ್ನೂ ಬಲ ಬಂದಿಲ್ಲ. ಅವರೆಕಾಯಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ, ಅದೂ ಬರವಣಿಗೆಯೇ. ತಿಂಡಿ ಮಾಡುವಾಗ ಸುಮ್ನೆ ಆಟ ಆಡಿಸು. ಅಡಿಕೆ ಅನ್ನೋದನ್ನು ಚಪ್ಪಾಳೆ ತಟ್ಟಿ ಒಡೆಯಲಿ: ಅ, ಡಿ, ಕೆ. ಕೆ ತೆಗೆದರೆ ಏನು ಉಳಿಯಿತು? ಅಡಿ. ಅರಸನ ತಲೆ ಹಾರಿಸಿದರೆ? ರಸ. ಇದು ತಮಾಷೆ ಅಂತ ಕಾಣುತ್ತದೆ, ಆದರೆ ಅಕ್ಷರ ನೆಲೆ ನಿಲ್ಲೋದು ಇದರ ಮೇಲೆ.

ಮತ್ತೊಂದು, ಬರೆಯೋಕೆ ಸಂಕೋಚ. ಎಲ್‌ಕೆಜಿ ಮಿಸ್ಸು ಡೈರಿಯಲ್ಲಿ ಏನೋ ಬರೆದರು ಅಂತ ರಾತ್ರಿ ಕೂರಿಸಿ ತಿದ್ದಿಸಿದೆ, ಅವನು ಅತ್ತ ಅಂದೆಯಲ್ಲ. ಅಲ್ಲಿಗೇ ನಿಲ್ಲಿಸು ಮಗಾ. ಒಂದನೇ ತರಗತಿಗೆ ಆರು ವರ್ಷ ಅಂತ ಸುಮ್ನೆ ಇಟ್ಟಿಲ್ಲ. ಕಿವಿ, ಕಣ್ಣು ಒಂದು ಸಲ ತೋರಿಸಿಬಿಡು, ಅದು ಒಳ್ಳೆಯದು. ಏಳು ವರ್ಷ ಆದರೂ ಸಣ್ಣ ಪದ ಕೂಡಿಸೋಕೆ ಒದ್ದಾಡಿದರೆ ಆಗ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು, ಬೆಂಗಳೂರಲ್ಲೇ ಇದ್ದೀಯ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನಿಮ್ಮ ಮನೆಗೆ ಬಂದಾಗ ಒಂದು ಕಂಡಿದ್ದೆ, ಹೇಳಿರಲಿಲ್ಲ. ನಿಮ್ಮಪ್ಪನ ತೊಡೆ ಮೇಲೆ ಇವನು, ಇಬ್ಬರ ಕೈಯಲ್ಲೂ ಆ ಆನೆ ಚಿತ್ರದ ಪುಸ್ತಕ. ನಿಮ್ಮಪ್ಪ ಅಚ್ಚಾಗಿದ್ದನ್ನು ಓದುತ್ತಿರಲಿಲ್ಲ, ಚಿತ್ರ ನೋಡಿ ತನ್ನದೇ ಕಥೆ ಕಟ್ಟುತ್ತಿದ್ದ. ಆನೆಗೆ ನಮ್ಮ ಕೊಟ್ಟಿಗೆಯ ಹಳೇ ಎಮ್ಮೆಯ ಹೆಸರು ಇಟ್ಟಿದ್ದ. ಸರಿಯಾದ ಜಾಗ ಬಂದಾಗ ಹಾಳೆ ತಿರುಗಿಸುತ್ತಿದ್ದವನು ಇವನು. ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ. ನೀನು ದಿನಾ ರಾತ್ರಿ ಅವರಿಬ್ಬರನ್ನೂ ಹಾಗೇ ಕೂರಿಸು. ಸಾಲಿನ ಕೆಳಗೆ ಬೆರಳು ಓಡಿಸಿ ಓದೋದು ನೀನು ಆಮೇಲೆ ಮಾಡು.

ನಿಮ್ಮಪ್ಪ ಇಷ್ಟುದ್ದದ ಕಾಗದ ಓದೋಕೆ ಕೂರಲ್ಲ. ಆ ಧೈರ್ಯದ ಮೇಲೇ ಅಡಿಕೋಲಿನ ವಿಷಯ ಬರೆದೆ. 57 ವರ್ಷ ಆಯಿತು, ಅವನು ಒಂದು ದಿನವೂ ಅದನ್ನು ಎತ್ತಿಲ್ಲ, ನಾನೂ ಎತ್ತಿಲ್ಲ. ನಿನಗೆ ಅನ್ನಿಸಿದರೆ ಅವನಿಗೆ ಓದಿ ಹೇಳು. ಬೇಡ ಅನ್ನಲ್ಲ.

ಇಂತಿ ನಿನ್ನ
ಅತ್ತೆ