ಗೆಳೆಯನಿಗೊಂದು ಪತ್ರ: ಆ ಬಾಗಿಲಿನ ಅರ್ಥ ಯಾರದು?

ಪ್ರಿಯ ಗೆಳೆಯಾ,

ಸಾಹಿತ್ಯ ಸಿದ್ಧಾಂತದ ಪುಸ್ತಕ ತಂದು, ನಲವತ್ತು ಪುಟ ಓದಿ ಮಡಚಿಟ್ಟೆ ಅಂತ ಬರೆದಿದ್ದೀಯ. ನಿನ್ನ ತಪ್ಪೇನೂ ಇಲ್ಲ ಬಿಡು. ಅಂಥ ಪುಸ್ತಕಗಳು ಶುರುವಾಗುವುದೇ ವಾದಗಳ ಪಟ್ಟಿಯಿಂದ. ರೂಪವಾದ, ರಚನಾವಾದ, ನಿರಚನವಾದ. ತಲೆ ಚಿಟ್ಟು ಹಿಡಿಯದೆ ಇನ್ನೇನು?

ಆ ಕವಿತೆಗಾಗಿ ನಾವಿಬ್ಬರೂ ಜಗಳ ಆಡಿದ್ದು ನೆನಪಿದೆ ಅಲ್ವಾ? ಅದರಲ್ಲಿ ಬರುವ ಮುಚ್ಚಿದ ಬಾಗಿಲು ಸಾವು ಅಂತ ನಾನು ಹಟ ಹಿಡಿದಿದ್ದೆ. ‘ಕವಿ ಹಾಗೆಲ್ಲ ಯೋಚಿಸಿರಲ್ಲ, ಬಾಗಿಲು ಅಂದರೆ ಬಾಗಿಲು’ ಅಂದಿದ್ದೆ ನೀನು. ಅರ್ಥ ಇರುವುದು ಬರೆದವನ ಮನಸ್ಸಿನಲ್ಲೋ, ಬರೆದ ಸಾಲಿನಲ್ಲೋ, ಓದುವವನಲ್ಲೋ? ಸಿದ್ಧಾಂತದ ಅರ್ಧ ಗಲಾಟೆ ಇದೇ.

ನನ್ನ ಕಡೆ ಅಮೆರಿಕದ ಇಬ್ಬರು ವಿದ್ವಾಂಸರು, ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ ಇದ್ದಾರೆ. ಕವಿಯ ಉದ್ದೇಶ ನಮ್ಮ ಕೈಗೆ ಸಿಗುವಂಥದ್ದಲ್ಲ, ಸಿಕ್ಕರೂ ಕವಿತೆಯನ್ನು ಅದರಿಂದ ತೂಗಬಾರದು ಅಂತ 1946ರಲ್ಲೇ ವಾದಿಸಿದವರು ಅವರು. 1967ರಲ್ಲಿ ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ‘ಲೇಖಕನ ಸಾವು’ ಅಂತಲೇ ಬರೆದ. ನನಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಬರೆದವನನ್ನು ಆಚೆ ಕಳಿಸಿದ ಮಾತ್ರಕ್ಕೆ ಓದು ಶುದ್ಧವಾಗುವುದಿಲ್ಲ. ಕೇಂಬ್ರಿಡ್ಜಿನಲ್ಲಿ ಪಾಠ ಮಾಡುತ್ತಿದ್ದ ವಿಮರ್ಶಕ ಐ. ಎ. ರಿಚರ್ಡ್ಸ್ ಕವಿಗಳ ಹೆಸರು ತೆಗೆದು ಬರೀ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದ. ಅವರು ದೊಡ್ಡ ಕವಿಗಳನ್ನೂ ತಳ್ಳಿಹಾಕಿದರು. ಎಷ್ಟೋ ಜನ ತಮ್ಮ ಸ್ವಂತ ನೆನಪುಗಳನ್ನೇ ಕವಿತೆಯೊಳಕ್ಕೆ ಸುರಿದರು. 1929ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು.

ಇದಕ್ಕಿಂತ ಸಾವಿರ ವರ್ಷ ಹಿಂದಿನ ಧ್ವನಿ ವಿಚಾರ, ಅಂದರೆ ನೇರವಾಗಿ ಹೇಳದೆ ಸೂಚಿಸುವ ಅರ್ಥದ ವಿಚಾರ, ನನಗೆ ಜಾಸ್ತಿ ಹಿಡಿಸುತ್ತದೆ. ಅದನ್ನು ಮುಂದಿಟ್ಟವನು ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ. ಕಾವ್ಯಮೀಮಾಂಸೆಯವರು ಮತ್ತೆ ಮತ್ತೆ ಕೊಡುವ ಉದಾಹರಣೆ ಇದು: ‘ಗಂಗೆಯ ಮೇಲೆ ಹಳ್ಳಿ’. ಹೊಳೆಯ ಮೇಲೆ ಹಳ್ಳಿ ಇರಲು ಸಾಧ್ಯವೇ? ಇಲ್ಲ. ಹಾಗಾಗಿ ದಡದ ಮೇಲೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಆ ಹಳ್ಳಿಗೆ ನೀರಿನ ತಂಪು, ಹೊಳೆಯ ಪಾವಿತ್ರ್ಯ ಅಂಟಿಕೊಳ್ಳುತ್ತದೆ. ಯಾರೂ ಅದನ್ನು ಹೇಳಿಲ್ಲ, ಆದರೂ ಕೇಳಿಸಿತು. ‘ಗಂಗೆಯ ದಡದಲ್ಲಿ ಹಳ್ಳಿ’ ಅಂತ ನೇರವಾಗಿ ಹೇಳಿ ನೋಡು, ತಂಪು ಹೋಯಿತು! ಅಂದರೆ ಹೇಳದ ಅರ್ಥವೂ ಗಾಳಿಯಲ್ಲಿ ಬರುವುದಿಲ್ಲ. ಇಂಥದ್ದೇ ಪದಕ್ಕೆ ಕಟ್ಟುಬಿದ್ದು ಬರುತ್ತದೆ. ಅದನ್ನು ಕೇಳಿಸಿಕೊಳ್ಳಬಲ್ಲ ಓದುಗನಿಗೆ ಅವರು ಇಟ್ಟ ಹೆಸರು ಸಹೃದಯ. ಎಷ್ಟು ಚೆಂದದ ಮಾತು.

ರೂಪವಾದಿಗಳಲ್ಲಿ, ಅಂದರೆ ಕೃತಿ ಏನು ಹೇಳುತ್ತದೆ ಅನ್ನುವುದಕ್ಕಿಂತ ಹೇಗೆ ಹೇಳುತ್ತದೆ ಅಂತ ನೋಡುವವರಲ್ಲಿ, ರಷ್ಯದ ಶ್ಕ್ಲೋವ್ಸ್ಕಿ ಒಬ್ಬನನ್ನು ಬಿಡಬೇಡ. ದಿನಾ ನೋಡುವುದು ನಮಗೆ ಕಾಣುವುದೇ ಇಲ್ಲ, ಅದನ್ನು ಅಪರಿಚಿತ ಮಾಡಿ ಮತ್ತೆ ಕಾಣಿಸುವುದೇ ಕಲೆಯ ಕೆಲಸ ಅಂತ ಅವನು 1917ರಲ್ಲಿ ಬರೆದ. ಅದಕ್ಕೆ ಟಾಲ್‌ಸ್ಟಾಯ್ ಕಥೆಯ ಕುದುರೆಯೊಂದನ್ನು ತೋರಿಸುತ್ತಾನೆ. ಮನುಷ್ಯರು ‘ನನ್ನ ಕುದುರೆ’ ಅನ್ನುವುದು ಆ ಕುದುರೆಗೆ ‘ನನ್ನ ಗಾಳಿ’ ಅಂದಷ್ಟೇ ವಿಚಿತ್ರ! ಒಡೆತನ ಅನ್ನುವುದು ನಮಗೂ ಒಂದು ಗಳಿಗೆ ವಿಚಿತ್ರವಾಗಿ ಕಾಣುತ್ತದೆ.

ಸ್ತ್ರೀವಾದ, ವಸಾಹತೋತ್ತರ ಚಿಂತನೆಗಳು ಕೃತಿಯಲ್ಲಿ ಯಾರಿಗೆ ಮಾತಿದೆ, ಯಾರಿಗಿಲ್ಲ ಅಂತ ಕೇಳುತ್ತವೆ. ಅದಕ್ಕೆ ಬೇರೆಯೇ ಪತ್ರ ಬೇಕು. ನಿರಚನವಾದದ ಡೆರಿಡಾನನ್ನು ಸದ್ಯಕ್ಕೆ ಮುಟ್ಟಬೇಡ ಮಾರಾಯಾ.

ಇನ್ನೊಂದು ಮಾತು, ಅವತ್ತು ಹೇಳಿರಲಿಲ್ಲ. ಆ ಕವಿತೆ ಓದುವಾಗ ಅಪ್ಪ ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ. ರಿಚರ್ಡ್ಸ್‌ನ ವಿದ್ಯಾರ್ಥಿಗಳ ಹಾಗೆ ನಾನೂ ನನ್ನದನ್ನೇ ಸುರಿದೆನೋ ಏನೋ. ನೀನೊಂದು ಕೆಲಸ ಮಾಡು. ಆ ಸಾಲಿನಲ್ಲಿ ‘ಬಾಗಿಲು’ ತೆಗೆದು ‘ಕಿಟಕಿ’ ಅಂತಿಟ್ಟು ಓದು. ಆಗಲೂ ನಿನಗೆ ಏನೂ ವ್ಯತ್ಯಾಸ ಅನ್ನಿಸದಿದ್ದರೆ ಆ ಸಾವು ನಾನು ಹೊತ್ತು ತಂದಿದ್ದು. ಏನೋ ಕಳೆದುಹೋಯಿತು ಅನ್ನಿಸಿದರೆ ಫೋನ್ ಮಾಡು.

ಇಂತಿ ನಿನ್ನ ಗೆಳೆಯ